ಕ್ಯಾಸೆಟ್ ಮುದುಕಿ

ಆ ದಿನ ನಾನು ತಾಳ ತಪ್ಪಿದೆ ಎಂದು ಮೊಮ್ಮಕ್ಕಳಾದ ನೀವೆಲ್ಲ ತಿಳಿದುಕೊಂಡಿದ್ದೀರಿ. ತೀರಿಕೊಂಡ ನಿಮ್ಮ ದೊಡ್ಡ ಆಯಿಯನ್ನು ಮಣ್ಣಿಗೆ ಒಯ್ಯುವ ಮುಂಚೆ ಕಟ್ಟೆಯ ಮೇಲೆ ಕೂರಿಸಿದ್ದರು. ಭಜನಿ ಮೇಳದವರು ಹಾಡುತ್ತಿದ್ದರು. ನಡುವೆ ನಾನು ಹಾಡನ್ನು ಹಿಂದಕ್ಕೆ ಎಳೆದೆ, ದಮ್ಮಡಿ ಬಾರಿಸುವವನ ಕೈ ನಿಂತುಹೋಯಿತು, ಅಳುತ್ತಿದ್ದವರೂ ತಿರುಗಿ ನೋಡಿದರು. ಮನೆಗೆ ಬಂದ ಮೇಲೆ ನಿಮ್ಮಲ್ಲಿ ದೊಡ್ಡಾಕಿ ಕೇಳಿದಳು: "ಆಯಿ, ನಿನಗ ಆ ಹಾಡಿನ ತಾಳ ಮರತುಹೋತೇನು? ಇಲ್ಲಾ ದಣದಿದ್ದಿಯೇನು?"

ದಣಿದಿದ್ದೆ ಎಂದು ಹೇಳಿ ಕೈಕಾಲು ತೊಳೆಯಲು ಹೋದೆ. ಸುಳ್ಳು ಹೇಳಲಿಲ್ಲ. ಆದರೆ ಅಷ್ಟೇ ಹೇಳಿ ಬಿಟ್ಟರೆ ನೀವು ನಿಮ್ಮ ಮಕ್ಕಳಿಗೂ ಹಾಗೇ ಹೇಳುತ್ತೀರಿ, ನಮ್ಮ ಆಯಿಗೆ ತಾಳ ಗೊತ್ತಿರಲಿಲ್ಲ ಎಂದು. ಎದುರಿಗೆ ಕೂತು ಹೇಳುವುದು ನನಗೆ ಎಂದೂ ಆಗಿಲ್ಲ. ಸುರಪುರದ ಕಡೆಯ ನಮ್ಮ ತವರೂರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದೆ. ಒಂದು ದಿನ ಮಾಸ್ತರರು ಪ್ರಾರ್ಥನೆ ಹೇಳು ಎಂದು ಮುಂದೆ ನಿಲ್ಲಿಸಿದಾಗ ಬಾಯಿ ಒಣಗಿ, ಲಂಗದ ಅಂಚು ಹಿಡಿದುಕೊಂಡು ಹಾಗೇ ನಿಂತಿದ್ದೆ. ಅವರೇ ಬೇಜಾರಾಗಿ ಹೋಗು ಕೂಡು ಅಂದರು. ಅಂದಿನಿಂದ ಹಿಂದಿನ ಸಾಲೇ ನನ್ನ ಸಾಲು. ಬರೆದರೆ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ಆಯಿ ಎಂದರೆ ನನ್ನ ನೆಗೆಣ್ಣಿ; ನನ್ನ ಗಂಡ, ಎಂದರೆ ನಿಮ್ಮ ಮುತ್ಯಾ, ಅವರ ಅಣ್ಣನ ಹೆಂಡತಿ. ಆಕೆಗೆ ನಾನು ಒಂದು ಮಾತು ಕೊಟ್ಟಿದ್ದೆ. ಆಕೆಯನ್ನು ಕೂರಿಸಿದಾಗ ಒಂದು ಹಾಡನ್ನು ಒಂದು ರೀತಿಯಲ್ಲೇ ಹಾಡಿಸುತ್ತೇನೆ ಎಂಬ ಮಾತು. ಆ ರೀತಿ ಯಾವುದು, ಅದು ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಕಾಲುವೆಯಿಂದ ಶುರು ಮಾಡಬೇಕು.

ನಾನು ದೋರನಹಳ್ಳಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದಾಗ ಕಾಲುವೆಯ ಮಣ್ಣು ಮಾತ್ರ ಇತ್ತು, ನೀರು ಇರಲಿಲ್ಲ. ಜೋಳ, ತೊಗರಿ ಬೆಳೆಯುತ್ತಿದ್ದೆವು. ರಾಶಿ ಮುಗಿದ ಮೇಲೆ ಹೆಂಗಸರಿಗೆ ಸ್ವಲ್ಪ ಉಸಿರು. ಬೇಸಿಗೆಯಲ್ಲಿ ಕೌದಿ ಹೊಲಿಯುವುದು, ಶಾವಿಗೆ ಹೊಸೆಯುವುದು, ತವರಿಗೆ ಹೋಗಿ ಹದಿನೈದು ದಿನ ಮಲಗುವುದು. ಆಮೇಲೆ ನೀರು ಬಂತು. ನೀರು ಬಂದ ದಿನ ಎಲ್ಲರೂ ಓಡಿಹೋಗಿ ಕೈಯದ್ದಿ ನೋಡಿದೆವು, ನಾನೂ ನೋಡಿದೆ, ಸಂತೋಷವೇ ಆಯಿತು. ಆದರೆ ನೀರು ಬಂದ ಮೇಲೆ ನಮಗೆ ಬೇಸಿಗೆ ಹೋಯಿತು. ಭತ್ತ ಒಂದು ಕೊಯ್ಯುವುದರೊಳಗೆ ಇನ್ನೊಂದಕ್ಕೆ ಸಸಿ ತಯಾರು. ತವರಿಗೆ ಹೋದರೂ ಅಲ್ಲಿಯೂ ನಾಟಿ. ಬಗ್ಗಿದ ಬೆನ್ನು ಎತ್ತುವುದೇ ಮರೆತ ಹಾಗಾಯಿತು. ಊಟ ಹೆಚ್ಚಾಯಿತು, ಅನ್ನ ಹಬ್ಬದ ದಿನಕ್ಕೆ ಮಾತ್ರ ಎನ್ನುವುದು ತಪ್ಪಿತು, ಅದನ್ನೂ ಹೇಳಬೇಕು. ಆದರೆ ಆ ಅನ್ನದ ಮುಂದೆ ಕೂತಾಗ ಕಣ್ಣು ತಾನೇ ಮುಚ್ಚುತ್ತಿತ್ತು.

ಆ ದಿನಗಳಲ್ಲಿ ನಿಮ್ಮ ಮುತ್ಯಾ ಒಂದು ಟೇಪ್ ತಂದರು. ಕಾಲುವೆಗೆ ಕಲ್ಲು ಹಾಕಲು ಬಂದಿದ್ದ ಒಬ್ಬ ಕೆಲಸಗಾರ ತನ್ನ ಊರಿಗೆ ಹೋಗುವಾಗ ಬಿಟ್ಟುಕೊಟ್ಟದ್ದು. ಹಿಡಿ ಮುರಿದಿತ್ತು, ಅದಕ್ಕೆ ಸೆಣಬಿನ ಹಗ್ಗ ಕಟ್ಟಿದ್ದರು. ಕ್ಯಾಸೆಟ್ ಇರಲಿಲ್ಲ. ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ಇತ್ತು. ಬೆಳಿಗ್ಗೆ ಖಾಲಿ ಕ್ಯಾಸೆಟ್ ಕೊಟ್ಟರೆ, ಸಂತೆ ಮುಗಿಸಿ ಬರುವುದರೊಳಗೆ ಅಂಗಡಿಯವನು ಬೇಕಾದ ಹಾಡು ತುಂಬಿಸಿ ಕೊಡುತ್ತಿದ್ದ. ನಿಮ್ಮ ಮುತ್ಯಾ ಸಿನಿಮಾ ಹಾಡು ತರುತ್ತಾರೆ ಎಂದುಕೊಂಡಿದ್ದೆ. ತಂದದ್ದು ತತ್ವಪದ. ಹೊಸದಾಗಿ ಹೆಸರು ಮಾಡಿದ ಹಾಡುಗಾರ್ತಿ, ಏಕತಾರಿ ಹಿಡಿದು ಹಾಡುತ್ತಾಳೆ, ಆಕೆಯ ಮೊದಲನೇ ಕ್ಯಾಸೆಟ್ಟಂತೆ ಎಂದರು. ತುಂಬಿಸಿದ ಕ್ಯಾಸೆಟ್ಟಿಗೆ ಚಿತ್ರವಿರುವುದಿಲ್ಲ. ಬಿಳಿ ಕಾಗದದ ಮೇಲೆ ಅಂಗಡಿಯವನು ಪೆನ್ನಿನಿಂದ ಆಕೆಯ ಹೆಸರು ಬರೆದಿದ್ದ. ಅದು ಮೊದಲನೇ ನಾಟಿಯಲ್ಲೇ ಯಾರದೋ ಒದ್ದೆ ಕೈಗೆ ತೊಳೆದುಹೋಯಿತು. ಹೀಗಾಗಿ ಆಕೆಯ ಮುಖವೂ ನಮಗೆ ಗೊತ್ತಾಗಲಿಲ್ಲ, ಹೆಸರೂ ಉಳಿಯಲಿಲ್ಲ. ಧ್ವನಿ ಮಾತ್ರ.

ಆ ಧ್ವನಿ ಮುದುಕಿಯದು. ತಗ್ಗಿನಿಂದ ಬರುತ್ತಿತ್ತು, ಭಾರವಾಗಿ. ಒಂದು ಮಾತು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಬಾಗಿಲ ತೋಳು ಹಿಡಿದು ಮೆಟ್ಟಿಲೇರಿದಂತೆ ಹೋಗುತ್ತಿದ್ದಳು. ಮೊದಲನೇ ಸಲ ಕೇಳಿದಾಗ ನನ್ನ ನೆಗೆಣ್ಣಿ ಅಂದಳು, "ಅಯ್ಯ, ಇದ್ಯಾವ ಮುದುಕಿ ತಂದಿರಿ? ಹಾಡು ಮುಗಿಯೂ ಮುಂಚೆ ಜೀವ ಬಿಟ್ಟರ ಯಾರ ಮ್ಯಾಲ ಬರ್ತದ?"

ಅಂದಿನಿಂದ ಆಕೆ ಕ್ಯಾಸೆಟ್ ಮುದುಕಿ.

ಕ್ಯಾಸೆಟ್ಟಿನ ಎರಡನೇ ಬದಿಯ ಮೊದಲನೇ ಹಾಡು ನಮ್ಮೆಲ್ಲರ ಹಾಡಾಯಿತು. ಹೊಲದಿಂದ ಹೊರೆ ಹೊತ್ತು ಬಂದವಳು ಬಾಗಿಲಲ್ಲಿ ನಿಂತು ಒಳಗಿರುವ ತಾಯಿಯನ್ನು ಕೂಗುತ್ತಾಳೆ. "ಇಳಿಸವ್ವ ಹೊರಿಯ, ಬಾಗಿಲಿಗಿ ಬಂದೀನಿ" ಎಂಬುದು ಮೊದಲನೇ ಸಾಲು. "ಹಗೂರ ಇಳಿಸವ್ವ, ಕತ್ತು ನೊಂದಾದ" ಎಂಬುದು ಎರಡನೆಯದು. ದೊಡ್ಡವರು ಅದಕ್ಕೆ ದೇಹ, ಜೀವ ಎಂದೆಲ್ಲ ಅರ್ಥ ಹೇಳುತ್ತಿದ್ದರು. ನಮಗೆ ಅರ್ಥ ಬೇಕಿರಲಿಲ್ಲ. ಹೊರೆ ಗೊತ್ತಿತ್ತು, ಕತ್ತು ಗೊತ್ತಿತ್ತು.

ನಾಟಿ ದಿನ ಟೇಪನ್ನು ಟವೆಲಿನಲ್ಲಿ ಸುತ್ತಿ ಬದುವಿನ ಮೇಲೆ ಇಡುತ್ತಿದ್ದೆವು. ಭತ್ತದ ಸಸಿ ಹಚ್ಚುವುದಕ್ಕೆ ಒಂದು ಲೆಕ್ಕವಿದೆ. ಕೈ ಕೆಸರಿಗೆ ಇಳಿಯಬೇಕು, ಹೆಬ್ಬೆಟ್ಟು ಒತ್ತಬೇಕು, ಕೈ ಸುಮ್ಮನೆ ಹೊರಗೆ ಬರಬೇಕು. ಅವಸರ ಮಾಡಿದರೆ ಸಸಿ ಮೇಲೆ ನಿಂತು, ಮಾರನೇ ದಿನ ನೀರಿನಲ್ಲಿ ತೇಲುತ್ತದೆ. ನಮ್ಮ ಓಣಿಯ ಒಬ್ಬಾಕಿ ಸಿನಿಮಾ ಕ್ಯಾಸೆಟ್ ತಂದು ಹಾಕಿದ್ದಳು ಒಮ್ಮೆ. ಹೆಂಗಸರೆಲ್ಲ ಆ ಕುಣಿತಕ್ಕೆ ಕೈ ಓಡಿಸಿದರು, ಮಧ್ಯಾಹ್ನದೊಳಗೆ ಮಡಿ ಮುಗಿಯಿತು, ಭೇಷ್ ಎಂದುಕೊಂಡೆವು. ಮಾರನೇ ಬೆಳಿಗ್ಗೆ ಹೋಗಿ ನೋಡಿದರೆ ಅರ್ಧ ಸಸಿ ಒಂದು ಮೂಲೆಗೆ ತೇಲಿ ಹೋಗಿ ಬಿದ್ದಿತ್ತು. ನೆಗೆಣ್ಣಿ ಸೊಂಟದ ಮೇಲೆ ಕೈಯಿಟ್ಟು ನಿಂತು ಅಂದಳು, "ನೋಡ್ರಿ, ಹೀರೋಯಿನ್ ಹಚ್ಚಿದ ಸಸಿ. ಈಜು ಹೊಡಿಯಾಕತ್ಯಾವ. ನಮ್ಮ ಮುದುಕಿ ಹಚ್ಚಿದ್ದು ಎಂದಾರ ತೇಲಿತ್ತೇನು?"

ಖರೇ. ಮುದುಕಿಯ ಒಂದು ಸಾಲಿಗೆ ಕೈ ಇಳಿದು, ಒತ್ತಿ, ಬರಲು ಬರೋಬ್ಬರಿ ವೇಳೆ ಸಿಗುತ್ತಿತ್ತು. ಮೊದಲ ಸಾಲು ಆಕೆ ಹೇಳಿದರೆ ಎರಡನೇ ಸಾಲು ನಾವೆಲ್ಲ ಕೂಡಿ ಹೇಳುತ್ತಿದ್ದೆವು. ಬಗ್ಗಿ ಹೇಳಿದರೆ ದನಿ ಕೆಸರಿಗೆ ಬಿದ್ದು ಬರುತ್ತದೆ, ಯಾರದು ಯಾವುದು ತಿಳಿಯುವುದಿಲ್ಲ. ಅದಕ್ಕೇ ನಾನೂ ಹಾಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಸೆಲ್ ಇಳಿದು ಮುದುಕಿ ಇನ್ನೂ ಎಳೆಯುತ್ತಿದ್ದಳು. ಆಗ ಯಾರಾದರೂ, "ಏ, ಮುದುಕಿಗಿ ಉಸಿರು ಹತ್ಯಾದ, ಬಿಸಲಿಗಿ ಕೂಡಿಸ್ರಿ" ಎನ್ನುತ್ತಿದ್ದರು. ಸೆಲ್ಲುಗಳನ್ನು ತೆಗೆದು ಬದುವಿನ ಕಲ್ಲಿನ ಮೇಲೆ ಸಾಲಾಗಿ ಒಣಗಿಸುತ್ತಿದ್ದೆವು, ಹಪ್ಪಳದಂತೆ. ಕಾದ ಮೇಲೆ ಹಾಕಿದರೆ ಇನ್ನೊಂದೆರಡು ಹಾಡು ಬರುತ್ತಿದ್ದವು.

ನಮ್ಮ ಕ್ಯಾಸೆಟ್ಟಿನಿಂದಲೇ ಊರಿನವರೆಲ್ಲ ತುಂಬಿಸಿಕೊಂಡರು. ಶಾನುಭೋಗರ ಓಣಿಯ ಒಂದು ಮನೆಯಲ್ಲಿ ಎರಡು ಬಾಯಿಯ ಟೇಪ್ ಬಂದಿತ್ತು, ಒಂದರಲ್ಲಿ ಹಾಕಿದರೆ ಇನ್ನೊಂದಕ್ಕೆ ಇಳಿಯುತ್ತಿತ್ತು. ಸಗರದ ನಮ್ಮ ಬೀಗರೂ ಒಂದು ಒಯ್ದರು. ಭಜನಿ ಮೇಳದ ಗಂಡಸರು ಅದನ್ನೇ ಕೇಳಿ ಕೇಳಿ ಆ ಹಾಡು ಕಲಿತರು. ನಮ್ಮಲ್ಲಿ ಭಜನಿಯ ರೂಢಿ ನಿಮಗೆ ಗೊತ್ತೇ ಇದೆ. ಹಾಡು ಎತ್ತುವವರು ಗಂಡಸರು. ದಮ್ಮಡಿ, ತಾಳ, ಪೇಟಿ ಎಲ್ಲ ಅವರ ಕೈಯಲ್ಲಿ. ಹೆಂಗಸರು ಹಿಂದೆ ಗೋಡೆಗೆ ಒರಗಿ ಕೂತು ಎರಡನೇ ಸಾಲು ಹಿಡಿಯುವುದು. ಹೆಂಗಸರು ಹಾಡು ಎತ್ತಿದ್ದನ್ನು ನಾನು ನಮ್ಮೂರಲ್ಲಿ ನೋಡಿಲ್ಲ.

ಕೆಲವು ವರ್ಷದ ಮೇಲೆ ಗೋಗಿಗೆ ಹೋಗುವ ಟಂಟಂ ಆಟೋಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೊಸ ಕ್ಯಾಸೆಟ್ಟಿನ ತತ್ವಪದಗಳು ಕೇಳಿಬರತೊಡಗಿದವು. ಹಾಡುವವಳು ಹೆಂಗಸೇ, ಗಮಕವೂ ನಮ್ಮ ಮುದುಕಿಯದೇ, ಆದರೆ ಧ್ವನಿ ಎಳೆಯದು. ಒಂದು ದಿನ ಸಂತೆಯಿಂದ ಬರುವಾಗ ನೆಗೆಣ್ಣಿ ಟಂಟಂನವನನ್ನು ಕೇಳಿದಳು, "ತಮ್ಮಾ, ಇದು ಯಾರು ಹಾಡಿದ್ದು?" ಅವನು ಏನೋ ಹೆಸರು ಹೇಳಿ, ದೊಡ್ಡ ಹಾಡುಗಾರ್ತಿ ಬೇ, ರಾಜ್ಯಕ್ಕೆಲ್ಲಾ ಗೊತ್ತು ಅಂದ. ಹೆಸರಿನಿಂದ ನಮಗೇನೂ ತಿಳಿಯಲಿಲ್ಲ. ನೆಗೆಣ್ಣಿ ಸ್ವಲ್ಪ ಹೊತ್ತು ಕೇಳಿ, ಸೆರಗು ಬಾಯಿಗೆ ಹಿಡಿದು ನನ್ನ ಕಡೆ ವಾಲಿದಳು. "ತಂಗಿ, ಇದು ಮುದುಕಿ ಮಗಳು. ಗಂಟಲು ನೋಡು, ಅವ್ವಂದೇ. ಪಾಪ, ಮುದುಕಿ ಸತ್ತಾಳ ಕಾಣ್ತದ."

ಆ ದಿನ ನಾವಿಬ್ಬರೂ ಮನೆಗೆ ಬಂದು ಮುದುಕಿಗೆಂದು ದೇವರ ಮುಂದೆ ಒಂದು ದೀಪ ಹಚ್ಚಿದೆವು. ನಗಬೇಡಿ. ಊರಲ್ಲಿ ಹೇಳಿದಾಗ ಎಲ್ಲರೂ ಹೌದೌದು, ಮಗಳೇ ಇರಬೇಕು ಎಂದರು. ಮುಂದಿನ ನಾಟಿಯಲ್ಲಿ ಆ ಹಾಡು ಬಂದಾಗ ಒಬ್ಬಾಕಿ ಕೈಯಲ್ಲಿದ್ದ ಸಸಿ ಹಾಗೇ ಹಿಡಿದು ಹಣೆಗೆ ಮುಟ್ಟಿಸಿಕೊಂಡಳು.

ಕ್ಯಾಸೆಟ್ ಬಹಳ ದಿನ ಬಾಳಲಿಲ್ಲ. ಒಂದು ಸಲ ಟೇಪ್ ರೀಲನ್ನು ನುಂಗಿತು. ಪೆನ್ಸಿಲ್ ಹಾಕಿ ಸುತ್ತಿದೆವು, ಕತ್ತರಿಸಿ ಅಂಟು ಹಾಕಿದೆವು, ಏನೂ ಆಗಲಿಲ್ಲ. ಆಗ ಸಸಿ ಮಡಿಗೆ ಗುಬ್ಬಿ, ಗೀಜಗ ಬೀಳುತ್ತಿದ್ದವು. ಹಕ್ಕಿ ಬೆದರಿಸಲು ಕ್ಯಾಸೆಟ್ ರೀಲು ಕಟ್ಟುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದರು. ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ. ನಿಮ್ಮ ಮುತ್ಯಾ ಮುದುಕಿಯ ರೀಲನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದರು. ನಾನು ಗೂಟ ಹಿಡಿದು ನಿಂತಿದ್ದೆ. ನನ್ನ ಮುಖ ಕಂಡು, "ಯಾಕ ಮಾರಿ ಸಣ್ಣದು ಮಾಡ್ತಿ? ಎಲ್ಲಾರಿಗೂ ಬಾಯಿಪಾಠ ಆಗ್ಯಾದ. ಇನ್ನ ಇದು ಹಕ್ಕಿಗಿ ಹಾಡ್ಲಿ" ಎಂದರು. ಅವರ ಸ್ವಭಾವವೇ ಹಾಗೆ. ಊರಿನ ಉಳಿದ ಕ್ಯಾಸೆಟ್ಟುಗಳೂ ಹೀಗೇ ಒಂದೊಂದಾಗಿ ಹೋದವು. ಟೇಪುಗಳೂ ಹೋದವು, ಮೊಬೈಲು ಬಂದವು. ಮುದುಕಿ ನಮ್ಮ ಬಾಯಲ್ಲಿ ಮಾತ್ರ ಉಳಿದಳು.

ನಿಮ್ಮ ಮುತ್ಯಾ ಹೋದದ್ದು ಒಂದು ಮಧ್ಯಾಹ್ನ. ಹೊಲಗಾಲುವೆಗೆ ಅಡ್ಡ ಮಣ್ಣು ಹಾಕುತ್ತಿದ್ದವರು ಹಾಗೇ ಕೂತರಂತೆ, ಕೂತವರು ಏಳಲಿಲ್ಲ. ಮನೆಯ ಮುಂದೆ ಕಟ್ಟೆಯ ಮೇಲೆ ಕೂರಿಸಿದರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಅವತ್ತು ಬಂದವರು ಒಬ್ಬರಾದ ಮೇಲೆ ಒಬ್ಬರು ನನ್ನ ಕೊರಳಿಗೆ ಬಿದ್ದು ಅಳುತ್ತಿದ್ದರು. ಬಳೆಯ ಮಾತು, ಸೀರೆಯ ಮಾತು, ಯಾರಿಗೆ ಸುದ್ದಿ ಮುಟ್ಟಿದೆ ಯಾರಿಗೆ ಇಲ್ಲ ಎಂಬ ಮಾತು. ನಿಮ್ಮ ಮುತ್ಯಾನನ್ನು ಒಮ್ಮೆ ಪೂರ್ತಿ ನೋಡಲು ನನಗೆ ಆಗಿರಲೇ ಇಲ್ಲ. ಮೇಳದವರು ಆ ಹಾಡು ಎತ್ತಿದಾಗ ಎಲ್ಲರೂ ಸುಮ್ಮನಾದರು. ಅವರು ಕ್ಯಾಸೆಟ್ಟಿನಿಂದ ಕಲಿತ ಹಾಗೇ ಹಾಡಿದರು, ಅಷ್ಟೇ ನಿಧಾನ, ಅಷ್ಟೇ ಭಾರ. ಮುಗಿಯಲು ಬಹಳ ಹೊತ್ತು ಹಿಡಿಯಿತು. ಆ ಹೊತ್ತೆಲ್ಲ ನಾನು ನಮ್ಮವರನ್ನು ನೋಡಿದೆ. ಉಗುರಿನಲ್ಲಿ ಉಳಿದ ಕೆಸರನ್ನೂ, ಕಿವಿಯ ಹಿಂದಿನ ಮಚ್ಚೆಯನ್ನೂ ನೋಡಿದೆ. ಹಾಡು ನನಗೆ ಅಷ್ಟು ವೇಳೆ ಕೊಟ್ಟಿತು.

ನನ್ನ ಪಕ್ಕದಲ್ಲಿ ನೆಗೆಣ್ಣಿ ಇದ್ದಳು. ಆಕೆಯ ಗಂಡ ಅದಕ್ಕಿಂತ ಮುಂಚೆಯೇ ಹೋಗಿದ್ದರು. ಕೆಲವು ದಿನ ಕಳೆದ ಮೇಲೆ ಒಲೆಯ ಮುಂದೆ ಕೂತಾಗ ಆಕೆ ಅಂದಳು:

"ತಂಗಿ, ನನ್ನ ಕೂಡಿಸಿದಾಗ್ಲೂ ಇಷ್ಟೇ ಸಾವಕಾಶ ಹಾಡಸು. ನನ್ನ ಮಕ್ಕಳಿಗಿ ಎಲ್ಲದಕ್ಕೂ ಗಡಬಡ. ನಿನಗ ಹೇಳಿ ಇಡ್ತೀನಿ."

"ಹಂಗ್ಯಾಕಂತಿ ಅಕ್ಕಾ" ಎಂದೆ.

"ಹೂಂ ಅನ್ನು ಮೊದಲು."

ಹೂಂ ಎಂದೆ. ಆಗ ಅದೇನು ದೊಡ್ಡ ಮಾತು ಎನಿಸಲಿಲ್ಲ. ಊರಿಗೆಲ್ಲ ಆ ಹಾಡು ಬರುತ್ತಿದ್ದುದೇ ಹಾಗೆ. ಇನ್ನೊಂದು ರೀತಿ ಇದೆ ಎಂದು ಯಾರಿಗೆ ಗೊತ್ತಿತ್ತು?

ಈಗ ನಿಮ್ಮ ಕಾಲಕ್ಕೆ ಬಂದೆ. ಹೋದ ವರ್ಷ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ನಾವಿಬ್ಬರು ಅಂಗಳದಲ್ಲಿ ಕೂತಿದ್ದೆವು. ನಿಮ್ಮಲ್ಲಿ ದೊಡ್ಡಾಕಿ ಮೊಬೈಲ್ ಹಿಡಿದು ಬಂದಳು. "ಆಯಿ, ನೀವು ಹಾಡ್ತೀರಲ್ಲ, ಆ ಹೊರಿ ಹಾಡು, ಸಿಕ್ಕಾದ. ಹಳೀ ಕ್ಯಾಸೆಟ್ಟೆಲ್ಲಾ ಸ್ವಚ್ಛ ಮಾಡಿ ಹೊಸದಾಗಿ ಬಿಟ್ಟಾರ" ಎಂದಳು. ಅಷ್ಟು ವರ್ಷದ ಮೇಲೆ ಮುದುಕಿ ಬರುತ್ತಾಳೆ ಎಂದು ಕೈಗಳನ್ನು ಸೆರಗಿಗೆ ಒರೆಸಿಕೊಂಡು ಕೂತೆ.

ಏಕತಾರಿ ಟಣ ಟಣ ಎಂದು ಓಡಿತು. ಒಬ್ಬ ಹುಡುಗಿ ಹಾಡಿದಳು. ಎಳೆಯ ಗಂಟಲು, ತುಂಬಿದ ಉಸಿರು. ಇಳಿಸವ್ವ ಹೊರಿಯ ಎಂದು ಆಕೆ ಹೇಳಿದ್ದು, ಬದುವಿನ ಮೇಲೆ ಓಡುತ್ತಾ ಬಂದು ಅವ್ವನಿಗೆ ನಗುನಗುತ್ತಾ ಕೂಗಿದ ಹಾಗಿತ್ತು. ನೆಗೆಣ್ಣಿ ಮೆಣಸಿನಕಾಯಿ ಕೆಳಗಿಟ್ಟಳು.

"ಯಾರಾಕಿ ಇಕಿ? ಬಸ್ಸು ಬಿಟ್ಟು ಹೋಗ್ತದೇನು ಇಕಿಗಿ?"

"ಇದೇ ಮೊದಲಿಂದು ದೊಡ್ಡಾಯಿ. ಇಲ್ಲಿ ನೋಡು, ಚಿತ್ರ."

ಚಿತ್ರದಲ್ಲಿ ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ಟಿದ ಹುಡುಗಿ. ಕೈಯಲ್ಲಿ ಏಕತಾರಿ, ಹಿಂದೆ ಬಣ್ಣದ ಗುಡ್ಡದ ಪರದೆ. ಇಪ್ಪತ್ತು ತುಂಬಿತ್ತೋ ಇಲ್ಲವೋ.

"ಸುಳ್ಳು" ಎಂದಳು ನೆಗೆಣ್ಣಿ. "ಇದು ಮುದುಕಿ ಮಗಳು. ಅವ್ವನ ಹಾಡು ಕದ್ದಾಳ. ಹಗೂರ ಇಳಸು ಅಂತ ಹೇಳ್ಕೋತ ಓಡಾಕತ್ಯಾಳ ನೋಡು, ಖಬರಗೇಡಿ."

ಆದರೆ ಮಗಳಲ್ಲ. ಮುದುಕಿಯೂ ಇರಲಿಲ್ಲ. ಗೋಗಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುವವನು ಹಿಂದೆ ಟೇಪ್ ರಿಪೇರಿ ಮಾಡುತ್ತಿದ್ದ. ಸಂತೆಗೆ ಹೋದಾಗ ನಾನೇ ಅವನ ಅಂಗಡಿಯ ಮುಂದೆ ನಿಂತೆ, ಕೇಳಲು ಬಾಯಿ ಬರಲಿಲ್ಲ, ಜೊತೆಗೆ ಬಂದಿದ್ದ ನಿಮ್ಮಲ್ಲಿ ಒಬ್ಬಾಕಿಯೇ ಕೇಳಿದಳು. ಅವನು ನಕ್ಕ. "ತುಂಬಿಸಿಕೊಟ್ಟ ಅಂಗಡ್ಯಾಗ ಹಾಡ್ಸೋ ಮಷೀನಿನ ಪಟ್ಟಿ ಸಡ್ಲ ಆಗಿರಬೇಕು ಬೇ. ಅದು ಸಾವಕಾಶ ತಿರುಗಿದ್ರ ಹಾಡೂ ಸಾವಕಾಶ ಇಳೀತದ, ದನಿ ದಪ್ಪಾಗ್ತದ. ಆಮ್ಯಾಲ ಯಾವ ಟೇಪಿಗಿ ಹಾಕಿದ್ರೂ ಅಷ್ಟೇ. ಹಾಡುವಾಕಿ ಮುದುಕಿ ಅಲ್ಲ, ಆ ಮಷೀನ್ ಮುದುಕಿ."

ಅಂಗಡಿಯಿಂದ ಬರುವಾಗ ಲೆಕ್ಕ ಹಾಕಿದೆ. ಅಷ್ಟು ವರ್ಷ ಯಾರನ್ನು ಹಿರಿಯಳು ಎಂದು ನೆಚ್ಚಿಕೊಂಡಿದ್ದೆನೋ ಆಕೆ ನನಗಿಂತ ಸಣ್ಣವಳು. ನಾನು ಕೆಸರಿನಲ್ಲಿ ನಿಂತು, ಈ ಮುದುಕಿಯೂ ಹೊತ್ತಿದ್ದಾಳೆ, ನಾನೂ ಹೊರಬಹುದು ಎಂದುಕೊಳ್ಳುತ್ತಿದ್ದಾಗ, ಆಕೆ ರಿಬ್ಬನ್ ಕಟ್ಟಿಕೊಂಡು ಹಾಡಿ ಎದ್ದು ಹೋಗಿದ್ದಳು. ನಮ್ಮವರನ್ನು ಕೂರಿಸಿದಾಗ ಹಾಡಿದ್ದು ಯಾವುದೋ ಸಡಿಲ ಪಟ್ಟಿಯ ಹಾಡೇ?

ಆಮೇಲೆ ಒಬ್ಬಳೇ ಇದ್ದಾಗ ನಿಮ್ಮ ಮೊಬೈಲ್ ಇಸಕೊಂಡು ಆ ಹುಡುಗಿಯನ್ನು ಮತ್ತೆ ಮತ್ತೆ ಕೇಳಿದೆ. ಮೊದಲನೇ ಕ್ಯಾಸೆಟ್ಟಿನದು, ಆಮೇಲಿನವು, ಎಲ್ಲ. ನೀವು ನನ್ನನ್ನು ನೋಡಿ ನಗುತ್ತಿದ್ದಿರಿ. ಚೆನ್ನಾಗಿ ಹಾಡಿದ್ದಾಳೆ. ಸುಳ್ಳೇಕೆ ಹೇಳಲಿ? ಮದುವೆಗೆ ಮುಂಚೆ ನಾನೂ ಹುಲ್ಲಿನ ಹೊರೆ ಹೊತ್ತು ಓಡಿಯೇ ಬರುತ್ತಿದ್ದೆ, ಅವ್ವ ಬೈಯುತ್ತಿದ್ದಳು ಬೀಳ್ತಿ ಎಂದು. ಅದನ್ನು ಮರೆತೇ ಬಿಟ್ಟಿದ್ದೆ. ಆ ಹುಡುಗಿ ನೆನಪು ಮಾಡಿಕೊಟ್ಟಳು. ನಿಮ್ಮಲ್ಲಿ ಒಬ್ಬರು ಮೊಬೈಲಿನಲ್ಲಿ ಏನೋ ಒತ್ತಿ ಹಾಡನ್ನು ನಿಧಾನ ಮಾಡಿಯೂ ಕೊಟ್ಟಿರಿ. ನಿಧಾನವಾಯಿತು, ಆದರೆ ದನಿ ಹುಡುಗಿಯದೇ ಉಳಿಯಿತು. ಕೂಸನ್ನು ಮುದುಕಿಯ ಕೈ ಹಿಡಿಸಿ ನಡೆಸಿದಂತಿತ್ತು. ಬೇಡ ತೆಗೆಯಿರಿ ಎಂದೆ.

ಅಷ್ಟರಲ್ಲಿ ಮೇಳದ ಹಳೆಯ ಗಂಡಸರು ಒಬ್ಬೊಬ್ಬರಾಗಿ ಹೋಗಿ, ಹೊಸ ಹುಡುಗರು ಸೇರಿದ್ದರು. ಅವರು ಮೊಬೈಲಿನಿಂದ ಕಲಿತು ಹುಡುಗಿಯ ಹಾಗೇ ಹಾಡತೊಡಗಿದರು. ಸೋಮವಾರದ ಭಜನಿಯಲ್ಲಿ ನಾವು ಎರಡನೇ ಸಾಲಿಗೆ ಬಾಯಿ ತೆರೆಯುವುದರೊಳಗೆ ಅವರು ಮೂರನೆಯದಕ್ಕೆ ಹೋಗಿರುತ್ತಿದ್ದರು. ಹೆಂಗಸರು ಮೆಲ್ಲಗೆ ಬಾಯಿ ಮುಚ್ಚಿ ಕೂತರು. ನೆಗೆಣ್ಣಿ ಭಜನಿಗೆ ಬರುವುದನ್ನೇ ಬಿಟ್ಟಳು. ಆಗ ನನಗೆ ಹತ್ತಿದ್ದು ಆ ಮಾತಿನ ಭಯ. ಹೂಂ ಎಂದಿದ್ದೆನಲ್ಲ.

ಈ ವರ್ಷ ಆಕೆಗೆ ಹೊಟ್ಟೆಯ ಬೇನೆ. ಯಾದಗಿರಿಯ ಆಸ್ಪತ್ರೆಯಲ್ಲಿ ಇಟ್ಟುಕೊಂಡರು, ಆಮೇಲೆ ಮನೆಗೆ ಒಯ್ಯಿರಿ ಎಂದರು. ಮನೆಗೆ ಬಂದ ಮೇಲೆ ಹಗಲೆಲ್ಲ ನಾನು ಆಕೆಯ ಹತ್ತಿರ ಕೂರುತ್ತಿದ್ದೆ. ಒಂದು ದಿನ ಗಂಜಿ ಕುಡಿಸುತ್ತಾ ಕೇಳಿಯೇಬಿಟ್ಟೆ.

"ಅಕ್ಕಾ, ಆ ಹಾಡು ಖರೇವಂದ್ರ ಜಲ್ದಿ ಹಾಡೂದೇ ಅಂತ. ನಾವು ಕಲತಿದ್ದೇ ತಪ್ಪು ಅಂತ."

"ಗೊತ್ತದ."

"ನಿನಗ ಯಾರು ಹೇಳಿದ್ರು?"

"ನಿನ್ನ ಮಾರಿ ಹೇಳ್ತು, ಗೋಗಿ ಸಂತಿಂದ ಬಂದ ದಿನ." ಸ್ವಲ್ಪ ನಕ್ಕಳು. "ಹುಡುಗಿ ಹಾಡು ಚಂದದ ತಂಗಿ. ಮ್ಯಾಲೆ ಮ್ಯಾಲೆ ಬೈದೆ ಅಷ್ಟೇ. ಆದ್ರ ಆಕಿ ಹೊರಿ ಒಂದು ಹೊತ್ತಿಂದು. ನಂದು ನೀನು ನೋಡೀದಿ. ನನಗ ಮುದುಕಿದೇ ಇರ್ಲಿ."

"ಗಂಡಸರಿಗಿ ನಾ ಹೆಂಗ ಹೇಳ್ಲಿ ಅಕ್ಕಾ? ನನಗ ಬಾಯಿ ಬರಂಗಿಲ್ಲ, ಗೊತ್ತದಲ್ಲ."

"ಹೇಳಬ್ಯಾಡ. ಎರಡನೇ ಸಾಲು ನಮ್ದೇ ಅದಲ್ಲ."

ಇಷ್ಟು ಹೇಳಿ ಕಣ್ಣು ಮುಚ್ಚಿದಳು. ಗಂಜಿ ಅರ್ಧ ಉಳಿಯಿತು.

ಆಕೆಯನ್ನು ಕೂರಿಸಿದ ದಿನ ನೀವೆಲ್ಲ ಇದ್ದಿರಿ, ಆದರೆ ನಾನು ಕೂತಲ್ಲಿಂದ ಕಂಡದ್ದನ್ನು ಬರೆಯುತ್ತೇನೆ. ಆಕೆಯ ಮಗ ಮೇಳದವರಿಗೆ ಆ ಹೊರೆ ಹಾಡು ಹಾಡಿರಿ, ಅವ್ವನಿಗೆ ಸೇರುತ್ತಿತ್ತು ಎಂದ. ಎಲ್ಲರಿಗೂ ಗಡಬಡ ಇತ್ತು, ಬಿಸಿಲು ಏರುತ್ತಿತ್ತು, ನೀರಿನ ಪಾಳಿ ಇದ್ದವರು ಹೊಲಕ್ಕೆ ಹೋಗಬೇಕಿತ್ತು. ಮೇಳದ ಮುಂದಾಳು ಎತ್ತಿದ. ಹುಡುಗಿಯ ಹಾಗೇ ಎತ್ತಿದ. ದಮ್ಮಡಿ ಓಡಿತು. ಮೊದಲನೇ ಸಾಲು ಮುಗಿಯಿತು.

ಹೆಂಗಸರ ಸಾಲಿನಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ನಾನು ಆಕೆಯ ಪಾದದ ಹತ್ತಿರ ಕೂತಿದ್ದೆ, ಕೈಯಲ್ಲಿ ವಿಭೂತಿ. ಶಾಲೆಯಲ್ಲಿ ಒಣಗಿದ ಹಾಗೇ ಬಾಯಿ ಒಣಗಿತ್ತು. ತಲೆ ತಗ್ಗಿಸಿದೆ, ನಾಟಿಯಲ್ಲಿ ಬಗ್ಗುವ ಹಾಗೆ. ಎದುರಿಗೆ ನೆಲ ಮಾತ್ರ ಕಾಣುತ್ತಿತ್ತು. ಕೈ ಕೆಸರಿಗೆ ಇಳಿಯಲಿ, ಹೆಬ್ಬೆಟ್ಟು ಒತ್ತಲಿ ಎಂದುಕೊಂಡು ಆ ವೇಳೆಗೆ ಹಿಡಿದೆ. ಹಗೂ...ರ ಇಳಿಸವ್ವ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಒಡೆದ ಮಡಕೆಯಂತೆ ಬಂತು. ಮೇಳದವರು ಮುಂದಿನ ಸಾಲಿಗೆ ಹೋಗಿದ್ದರು, ನಾನಿನ್ನೂ ಇಳಿಸುತ್ತಲೇ ಇದ್ದೆ. ದಮ್ಮಡಿಯವನು ಅತ್ತ ಹೋಗಲೋ ಇತ್ತ ಬರಲೋ ತಿಳಿಯದೆ ಕೈ ಬಿಟ್ಟ. ಎಲ್ಲ ನಿಂತಿತು.

ಮುಂದಾಳು ನನಗೆ ಮಗನ ವಾರಿಗೆಯವನು, ಒಳ್ಳೆಯವನೇ. ಆದರೆ ಜನರ ಮುಂದೆ ಹಾಡು ಕೆಟ್ಟರೆ ಯಾರಿಗೂ ಸಿಟ್ಟು ಬರುತ್ತದೆ. "ಚಿಗವ್ವಾ, ತಾಳಕ್ಕ ಬರ್ರಿ" ಅಂದ.

ನಾನು ತಲೆ ಎತ್ತದೆಯೇ ಅಂದೆ, "ನೀವೇ ಇತ್ತ ಬರ್ರೆಪಾ. ಆಕಿಗಿ ಗಡಬಡ ಇಲ್ಲ."

ಹೇಗೆ ಅಂದೆನೋ ನನಗೆ ಗೊತ್ತಿಲ್ಲ. ಹಿಂದೆ ಯಾರೋ ಫಕ್ಕನೆ ನಕ್ಕರು, ನಕ್ಕು ಅತ್ತರು. ಗೋಡೆಯ ಹತ್ತಿರ ಕೂತಿದ್ದ ಹಳೆಯ ನಾಟಿಯ ಹೆಂಗಸರು, ಈಗ ಐದಾರು ಮಂದಿ ಉಳಿದಿದ್ದಾರೆ, ಎರಡನೇ ಸಾಲನ್ನು ಮತ್ತೆ ಹಿಡಿದರು. ಮುದುಕಿಯ ಹಾಗೆ. ಈ ಸಲ ನನ್ನ ದನಿ ಅವರ ದನಿಯಲ್ಲಿ ಮುಚ್ಚಿಹೋಯಿತು, ಜೀವಕ್ಕೆ ಹಾಯೆನಿಸಿತು. ದಮ್ಮಡಿಯವನು ಸ್ವಲ್ಪ ಹೊತ್ತು ಕಿವಿಗೊಟ್ಟು, ಬೆರಳಿನಿಂದ ಮೆಲ್ಲಗೆ ಕೂಡಿಕೊಂಡ. ಮುಂದಾಳು ಕೊನೆಗೆ ಬಂದ. ಬರಲೇಬೇಕಾಯಿತು, ಎರಡನೇ ಸಾಲು ಮುಗಿಯುವವರೆಗೆ ಅವನು ಮೂರನೆಯದು ಎತ್ತುವಂತಿಲ್ಲ.

ಹಾಡು ಮುಗಿಯಲು ಬಹಳ ಹೊತ್ತಾಯಿತು. ಹೊರುವವರು ಹೆಗಲಿನ ಟವೆಲ್ ಸರಿ ಮಾಡಿಕೊಳ್ಳುತ್ತಾ ನಿಂತಿದ್ದರು. ಅಂಗಳದಲ್ಲಿದ್ದ ಗೋಡೆಯ ನೆರಳು ಹಿಂದೆ ಸರಿಯಿತು. ಆ ಹೊತ್ತಿನಲ್ಲಿ ನಾನು ತಲೆ ಎತ್ತಿ ನೋಡಿದ್ದು ಆಕೆಯ ಮಗನನ್ನು. ಬೆಳಗಿನಿಂದ ಮೊಬೈಲು, ಜನ, ಖರ್ಚು ಎಂದು ಓಡಾಡುತ್ತಿದ್ದವನು ಕಂಬ ಹಿಡಿದು ನಿಂತು ಅವ್ವನನ್ನೇ ನೋಡುತ್ತಿದ್ದ. ಮುಖವನ್ನು ನೋಡಿದ, ಕೈಗಳನ್ನು ನೋಡಿದ, ಪಾದದವರೆಗೆ ಬಂದ. ನಾನು ಕಾಲ ಹತ್ತಿರದಿಂದ ಸ್ವಲ್ಪ ಸರಿದು ಕೂತೆ.

ಅಷ್ಟೇ. ಮನೆಗೆ ಬಂದೆ. ದಣಿದಿದ್ದೆ ಎಂದೆ.

ನನ್ನನ್ನು ಕೂರಿಸಿದಾಗ ಯಾವ ರೀತಿ ಹಾಡಬೇಕು ಎಂದು ನಿಮ್ಮಲ್ಲಿ ಯಾರಿಂದಲೂ ನಾನು ಹೂಂ ಅನ್ನಿಸಿಕೊಳ್ಳುವುದಿಲ್ಲ. ಅಂಥ ಮಾತನ್ನು ವರ್ಷಗಟ್ಟಲೆ ಇಟ್ಟುಕೊಂಡು ತಿರುಗುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆಗ ಗೋಡೆಯ ಹತ್ತಿರ ನಾಟಿಯ ಹೆಂಗಸರು ಎಷ್ಟು ಜನ ಉಳಿದಿರುತ್ತಾರೋ. ಹುಡುಗಿಯ ಹಾಗೆ ಹಾಡಿದರೂ ನಡೆಯುತ್ತದೆ, ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಈಗಲೂ ಮಧ್ಯಾಹ್ನ ಅಕ್ಕಿ ಆರಿಸುವಾಗ ಮೊಬೈಲಿನಲ್ಲಿ ಆಕೆಯನ್ನೇ ಹಚ್ಚಿಕೊಂಡ್ಯಾ ಎಂದು ನೀವು ಕೇಳುತ್ತೀರಿ. ಹೌದು, ಹಚ್ಚಿಕೊಳ್ಳುತ್ತೇನೆ. ಆಕೆ ಎರಡು ಜಡೆ ಹಾಕಿಕೊಂಡು ಓಡಿ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ನನ್ನ ಕೈ ಮಾತ್ರ ಮೊರದಲ್ಲಿ ತನ್ನ ಪಾಡಿಗೆ ಹಿಂದೆ ಉಳಿಯುತ್ತದೆ, ಒಂದೊಂದೇ ಕಲ್ಲು ತೆಗೆಯುತ್ತಾ.